ಬಣ್ಣ ನೋಡಿ ಎತ್ತು ಕೊಳ್ಳುವುದುಂಟೆ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಮಿಲ್ಲಿಂಗ್ ಯಂತ್ರ ನಡೆಸಿದ ನಮ್ಮ ಕಿರಿಯ ಮಗ 2020ರಲ್ಲಿ ಮಳವಳ್ಳಿಗೆ ಹಿಂದಿರುಗಿದನು. ಆಲೆಮನೆಯ ಗಾಣಗಳಿಗೂ ನೀರಿನ ಪಂಪುಗಳಿಗೂ ಬೇಕಾದ ಬಿಡಿಭಾಗಗಳನ್ನು ಮನೆಯ ಪಕ್ಕದ ಕಾರು ಶೆಡ್ಡಿನಲ್ಲಿಯೇ ತಯಾರಿಸುವೆನೆಂದು ಆತ ಹೇಳಿದಾಗ, ಕೈಗೆ ಬಂದ ವಿದ್ಯೆಯನ್ನು ಬಿಟ್ಟು ಬೇರೆ ಕಾಯಕ ಹುಡುಕೆನ್ನಲು ನಮಗೆ ಮನಸ್ಸು ಬರಲಿಲ್ಲ. ಹೊಸ ಸಿಎನ್‌ಸಿ ಯಂತ್ರ ನಮ್ಮ ಅಳವಿಗೆ ಮೀರಿದ್ದು. ಹಳೆಯದಕ್ಕೇ ಮನೆಯಾಕೆಯ ಬಳೆಗಳನ್ನು ಅಡವಿಡಬೇಕಾಯಿತು.

ಬೆಂಗಳೂರಿನ ಗೋದಾಮೊಂದರಲ್ಲಿ ಹಸಿರು ಬಣ್ಣ ಬಳಿದು ಹೊಳೆಯುತ್ತಿದ್ದ ಯಂತ್ರವೊಂದು ನಮ್ಮ ಕಣ್ಣಿಗೆ ಬಿತ್ತು. ಮುಂಗಡ ಕೊಡಲು ನಾವು ಚೀಲಕ್ಕೆ ಕೈ ಹಾಕಿಯೂ ಆಗಿತ್ತು. ಜೊತೆಗೆ ಬಂದಿದ್ದ ಮದ್ದೂರಿನ ಬೀಗರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿ ನಿವೃತ್ತರಾದವರು. "ಬೀಗರೇ, ಬಣ್ಣ ನೋಡಿ ಎತ್ತು ಕೊಳ್ಳುವುದುಂಟೆ? ನೊಗ ಕಟ್ಟಿ ನಡೆಸಿ ನೋಡೋಣ" ಎಂದು ನಮ್ಮನ್ನು ತಡೆದರು.

ಮರುವಾರ ವಿದ್ಯುತ್ ಸಂಪರ್ಕ ಕೊಡಿಸಿ, ಮೇಜಿಗೆ ಡಯಲ್ ಗೇಜ್ ತಾಗಿಸಿ, ಮಗನು ಮೇಜನ್ನು ಒಂದು ಮಿಲಿಮೀಟರ್ ಮುಂದಕ್ಕೂ ಅಷ್ಟೇ ಹಿಂದಕ್ಕೂ ಸರಿಸಿದನು. ಮುಳ್ಳು ಹೊರಟ ಜಾಗಕ್ಕೆ ಮರಳಲಿಲ್ಲ. ಮಿಲಿಮೀಟರಿನ ನೂರರಲ್ಲಿ 12 ಭಾಗ ಉಳಿಯಿತು. ಕಂಟ್ರೋಲರಿನಲ್ಲಿ ಒಂದು ಅಂಕಿ ತುಂಬಿದರೆ ಸರಿಹೋಗುತ್ತದೆ ಎಂದರು ಮಾರುವವರು. ಮಗನು ಮೇಜನ್ನು ತುದಿಗೆ ಒಯ್ದು ಅದೇ ಪರೀಕ್ಷೆ ಮಾಡಿದಾಗ ಉಳಿದದ್ದು 3 ಭಾಗ ಮಾತ್ರ. ವರ್ಷಾನುಗಟ್ಟಲೆ ಸಣ್ಣ ಕೆಲಸಗಳೇ ನಡೆದು ಬಾಲ್ ಸ್ಕ್ರೂ ನಡುಭಾಗದಲ್ಲಿ ಸವೆದಿತ್ತು. ಎಲ್ಲೆಡೆ ಒಂದೇ ಸಮನಾಗಿ ಸವೆದಿದ್ದರೆ ಒಂದು ಅಂಕಿ ಸಾಕು. ನಡುವಿನ ಲೆಕ್ಕಕ್ಕೆ ಅಂಕಿ ತುಂಬಿದರೆ ತುದಿ ತಪ್ಪುತ್ತದೆ, ತುದಿಗೆ ತುಂಬಿದರೆ ನಡು. ಬಳೆಗಳ ಹಣ ಚೀಲದಲ್ಲಿಯೇ ಹಿಂದಕ್ಕೆ ಬಂದಿತು.

ಕೊನೆಗೆ ನಮಗೆ ಒದಗಿದ್ದು ಮಂಡ್ಯದಲ್ಲಿ ಮುಚ್ಚುತ್ತಿದ್ದ ಒಂದು ಸಣ್ಣ ವರ್ಕ್‌ಶಾಪಿನ ಯಂತ್ರ. ಬಣ್ಣ ಕಿತ್ತುಹೋಗಿದೆ, ಎಣ್ಣೆಯ ಜಿಡ್ಡು ಹೇಳತೀರದು. ಆದರೆ ಅದು ದಿನವೂ ದುಡಿಯುತ್ತಿತ್ತು. ಮಗನು ಅಲ್ಯೂಮಿನಿಯಂ ತುಂಡೊಂದರಲ್ಲಿ ವೃತ್ತ ಕೊರೆಸಿದನು. ಮೇಜು ದಿಕ್ಕು ಬದಲಿಸುವ ನಾಲ್ಕು ಕಡೆಯೂ ಉಗುರಿಗೆ ತಡೆಯುವಂಥ ಮೆಟ್ಟಿಲು ಸಿಗಲಿಲ್ಲ. ಹಳೆಯ ಕಂಟ್ರೋಲರಿನ ನೆನಪನ್ನು ಕಾಯುವುದು ಒಂದು ಬ್ಯಾಟರಿ; ಅದು ಸತ್ತರೆ ಯಂತ್ರ ತನ್ನನ್ನೇ ಮರೆಯುತ್ತದೆ. ಆದ್ದರಿಂದ ಸಂಪರ್ಕ ತೆಗೆಯುವ ಮುನ್ನವೇ, ವಿದ್ಯುತ್ ಚಾಲೂ ಇರುವಾಗ ಹೊಸ ಬ್ಯಾಟರಿ ಹಾಕಿ, ಪ್ಯಾರಾಮೀಟರುಗಳನ್ನೆಲ್ಲ ಕಾಗದದ ಮೇಲೂ ಇಳಿಸಿಕೊಂಡೆವು. ಮನೆಯಾಕೆ ಓದಿ ಹೇಳಿದರು, ನಾವು ಬರೆದೆವು. ಎರಡು ಸಂಜೆ ಹಿಡಿಯಿತು.

1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳುಹಿಸಿದ ತಾಲ್ಲೂಕು ನಮ್ಮದು. ಆದರೂ ನಮ್ಮ ಮನೆಯಲ್ಲಿದ್ದುದು ಸಿಂಗಲ್ ಫೇಸ್! ತ್ರೀ ಫೇಸಿಗೆ ಅರ್ಜಿ ಹಾಕಿದ್ದೇವೆ. ಯಂತ್ರದ ಭಾರ ಎರಡು ಟನ್ನಿಗೂ ಹೆಚ್ಚು. ಶೆಡ್ಡಿನ ಹಳೆಯ ನೆಲವನ್ನು ಅಗೆದು ಕಾಂಕ್ರೀಟ್ ಹಾಕಿಸಿ ಎಂಟು ದಿನವಾಯಿತು. ಬೆಳಗಿನ ಲಿಂಗಪೂಜೆ ಮುಗಿಸಿ ಅದಕ್ಕೆ ನೀರುಣಿಸುವ ಕೆಲಸ ಈಗ ನಮ್ಮದು.