ಮಲೆಯ ಹಾದಿಯಲ್ಲಿ ಒಂದು ಕಾರಿನ ಪರೀಕ್ಷೆ

ನಮ್ಮ ಅವ್ವ ಮಾದಪ್ಪನ ಬೆಟ್ಟಕ್ಕೆ ಹೋಗದೆ ಎರಡು ವರ್ಷಗಳಾಗಿದ್ದವು. ಎಂಬತ್ತು ದಾಟಿದ ವಯಸ್ಸು. ಜೊತೆಗೆ ಮೊಣಕಾಲಿನ ನೋವು. ಬಸ್ಸಿನ ಮೆಟ್ಟಿಲು ಅವರ ಕಾಲಿಗೆ ಎಟುಕದು. ನೆರೆಮನೆಯವರ ಎತ್ತರದ ಗಾಡಿಯಲ್ಲಿ ಒಮ್ಮೆ ಕರೆದೊಯ್ಯಲು ಹೊರಟಾಗ ಇಬ್ಬರು ಹಿಡಿದೆತ್ತಿ ಕೂರಿಸಬೇಕಾಯಿತು. ಅದರಿಂದ ನಾಚಿದ ಅವರು, ‘ಇನ್ನು ಮೇಲೆ ಇಲ್ಲಿಂದಲೇ ಕೈಮುಗಿಯುತ್ತೇನೆ’ ಎಂದುಬಿಟ್ಟರು. ವರ್ಷಕ್ಕೊಮ್ಮೆ ಬೆಟ್ಟದ ದಾಸೋಹಕ್ಕೆ ಅಕ್ಕಿ, ಬೇಳೆ, ಬೆಲ್ಲ ಒಪ್ಪಿಸಿ ಬರುವುದು ಅವರ ಅತ್ತೆಯವರ ಕಾಲದಿಂದ ನಡೆದುಬಂದ ಹರಕೆ. ಅದು ನಮ್ಮ ಕಣ್ಣೆದುರಿಗೇ ನಿಂತುಹೋಗುವುದನ್ನು ನೋಡಲಾಗದೆ, ಕೈಯಲ್ಲಿದ್ದ ನಿವೃತ್ತಿಯ ಹಣದಲ್ಲಿ ಒಂದು ಕಾರು ಕೊಳ್ಳುವ ಯೋಚನೆ ಮಾಡಿದೆವು.

ಎತ್ತರದ ಗಾಡಿ ಒಲ್ಲದ ಮನೆಗೆ ಸೆಡಾನ್ ಕಾರೇ ಸರಿಯೆಂದು ತೋರಿತು. ಸೆಡಾನ್ ಎಂದರೆ ಮುಂದೆ ಎಂಜಿನ್ನು, ನಡುವೆ ಜನ, ಹಿಂದೆ ಪ್ರತ್ಯೇಕವಾದ ಡಿಕ್ಕಿ ಇರುವ ಕಾರು. ನಮ್ಮ ತಲೆಮಾರಿನವರಿಗೆ ಅಂಬಾಸಿಡರ್ ಕಾರೇ ಇದರ ಮಾದರಿ. ಮದುವೆಯ ದಿಬ್ಬಣಕ್ಕೂ ಆಸ್ಪತ್ರೆಗೂ ಒಂದೇ ಗಾಂಭೀರ್ಯದಿಂದ ಹೋಗಿಬರುತ್ತಿದ್ದ ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಇಂದು ಕುಟುಂಬಸ್ಥರು ನೋಡುವ ಸೆಡಾನುಗಳಲ್ಲಿ ಎರಡು ವರ್ಗ. ಮಾರುತಿ ಡಿಸೈರ್, ಹೋಂಡಾ ಅಮೇಜ್, ಹ್ಯುಂಡೈ ಔರಾ, ಟಾಟಾ ಟಿಗೋರ್ ಮೊದಲಾದವು ನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಉದ್ದದವು. ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಮುಂತಾದ ಮಧ್ಯಮ ಗಾತ್ರದವು ನಾಲ್ಕೂವರೆ ಮೀಟರಿನ ಆಸುಪಾಸಿನವು. ಈ ಅರ್ಧ ಮೀಟರಿನ ಅಂತರ ತೆರಿಗೆಯಲ್ಲಿಯೂ ಉಂಟು. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿನೊಳಗಿದ್ದು 1200 ಸಿ.ಸಿ. ಮೀರದ ಪೆಟ್ರೋಲ್ ಎಂಜಿನ್ನಿನ ಕಾರಿಗೆ ಜಿ.ಎಸ್.ಟಿ. ಶೇಕಡಾ 18, ಅದಕ್ಕಿಂತ ದೊಡ್ಡದಾದರೆ ಶೇಕಡಾ 40. ಹಿಂದೆ ಸೆಸ್ ಸೇರಿ ಚಿಕ್ಕದಕ್ಕೆ 29, ಮಧ್ಯಮ ಗಾತ್ರದ್ದಕ್ಕೆ 45 ಇತ್ತು.

ಹೊಸ ಮಧ್ಯಮ ಗಾತ್ರದ ಕಾರು ನಮ್ಮ ಶಕ್ತಿಗೆ ಮೀರಿದ್ದು. ಆದರೆ ನಮ್ಮ ಸೋದರಳಿಯನ ಬಳಿ ಅಂಥದೊಂದು ಕಾರಿತ್ತು. ಕೊಂಡು ಮೂರು ವರ್ಷವಾಗಿತ್ತು, ಅದನ್ನು ಮಾರುವವನಿದ್ದ. ಹೊಸ ಚಿಕ್ಕ ಸೆಡಾನಿನ ಬೆಲೆಗೆ ಆ ದೊಡ್ಡ ಕಾರು ಸಿಗುವಂತಿತ್ತು. ‘ಮಾವ, ಎರಡು ದಿನ ಇಟ್ಟುಕೊಂಡು ಓಡಿಸಿ ನೋಡಿ. ಬೇಡವೆಂದರೆ ನನಗೇನೂ ಬೇಸರವಿಲ್ಲ’ ಎಂದು ಕೀಲಿಕೈ ಕೊಟ್ಟ. ಒಂದು ಕಂಪನಿಯ ಹೊಗಳಿಕೆ, ಇನ್ನೊಂದರ ತೆಗಳಿಕೆ ನಮ್ಮ ಉದ್ದೇಶವಲ್ಲವಾದ್ದರಿಂದ ಆ ಕಾರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಪರೀಕ್ಷೆ ಮಾಡಿದ ಬಗೆಯನ್ನಷ್ಟೇ ಓದುಗ ಬಂಧುಗಳ ಮುಂದಿಡುತ್ತೇವೆ.

ಮೊದಲ ದಿನ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ, ಎರಡನೆಯ ದಿನ ಯಳಂದೂರಿನ ಮಾರ್ಗವಾಗಿ ಬಿಳಿಗಿರಿರಂಗನ ಬೆಟ್ಟಕ್ಕೆ ಎಂದು ನಿಶ್ಚಯಿಸಿದೆವು. ಕೊಳ್ಳೇಗಾಲದ ನಮ್ಮಂಥವರಿಗೆ ಕಾರಿನ ಸತ್ವ ತಿಳಿಯಲು ಈ ಎರಡು ಘಾಟಿಗಳಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಮಾರಾಟದ ಮಳಿಗೆಯವರು ಹೆದ್ದಾರಿಯಲ್ಲಿ ಹತ್ತು ನಿಮಿಷ ಓಡಿಸಲು ಕೊಡುವಾಗ ಕಾರಿನಲ್ಲಿ ಇರುವವರು ಇಬ್ಬರೋ ಮೂವರೋ, ಡಿಕ್ಕಿ ಖಾಲಿ. ಹಾಗೆ ಓಡಿಸಿದರೆ ಎಲ್ಲ ಕಾರುಗಳೂ ಒಳ್ಳೆಯವೇ.

ದೀಪಾವಳಿಯ ಜಾತ್ರೆ ಕಳೆದ ಮರುವಾರ, ಬೆಳಗಿನ ಲಿಂಗಪೂಜೆ ಮುಗಿಸಿ ಐದು ಮಂದಿ ಹೊರಟೆವು. ಮುಂದೆ ನಾವು ಮತ್ತು ಮಗ. ಹಿಂದೆ ಅವ್ವ, ನಮ್ಮ ಮನೆಯವರು ಮತ್ತು ಸೊಸೆ. ಡಿಕ್ಕಿಯಲ್ಲಿ ಇಪ್ಪತ್ತೈದು ಕಿಲೋ ಅಕ್ಕಿಯ ಎರಡು ಮೂಟೆ, ಬೇಳೆ, ಬೆಲ್ಲ, ಬುತ್ತಿ. ಐನೂರು ಲೀಟರಿನ ಡಿಕ್ಕಿಯೆಂದರೆ ಎಷ್ಟೆಂಬುದು ಅಂದು ತಿಳಿಯಿತು. ಇಷ್ಟೆಲ್ಲ ಇಟ್ಟ ಮೇಲೂ ಅದು ಇನ್ನೂ ಬಾಯಿ ತೆರೆದುಕೊಂಡಿತ್ತು. ಹೊರಡುವ ಮುನ್ನ ಟೈರುಗಳಿಗೆ ಗಾಳಿ ತುಂಬಿಸಿದೆವು. ಪೂರ್ಣ ಭಾರಕ್ಕೆ ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ, ಓದುವವರು ಕಡಿಮೆ.

ಕಾಮಗೆರೆ ದಾಟಿ ಹನೂರಿನ ಕಡೆಗೆ ಸಾಗುವಾಗ ಕಾರು ನೀರಿನ ಮೇಲಿನ ತೆಪ್ಪದಂತೆ ಹೋಯಿತು. ಉದ್ದದ ಕಾರಿಗೆ ಗಾಲಿಗಳ ನಡುವಿನ ಅಂತರ ಹೆಚ್ಚು, ಕುಲುಕಾಟ ಕಡಿಮೆ. ಆದರೆ ಊರೂರಿನ ಮುಂದೆ ಹಾಕಿದ ಹಂಪುಗಳಲ್ಲಿ ಬೇರೊಂದು ಗುಣ ಹೊರಬಿತ್ತು. ಭಾರಕ್ಕೆ ಹಿಂಭಾಗ ಕುಗ್ಗಿದ್ದರಿಂದ ಒಂದೆಡೆ ಹೊಟ್ಟೆ ನೆಲಕ್ಕೆ ಉಜ್ಜಿ ಕರಕರ ಸದ್ದಾಯಿತು. ಖಾಲಿ ಕಾರಿನ ನೆಲದಂತರ ಇಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆದದ್ದು ಐದು ಮಂದಿ ಕುಳಿತಾಗ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಹಂಪು ಕಂಡಲ್ಲೆಲ್ಲ ನಡೆಯುವ ವೇಗಕ್ಕೆ ಇಳಿಸಿ, ತುಸು ಓರೆಯಾಗಿ ದಾಟಿಸಿದೆವು.

ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ ನಿಜವಾದ ಏರು ತೊಡಗುತ್ತದೆ. ಅಲ್ಲಿಂದ ಮೇಲಕ್ಕೆ ತಿರುವಿನ ಮೇಲೆ ತಿರುವು. 2013ರಲ್ಲಿ ವನ್ಯಧಾಮವಾದ ಕಾಡು ಎರಡೂ ಕಡೆ. ಒಂದೂವರೆ ಲೀಟರಿನ ಎಂಜಿನ್ನು ಎರಡನೆಯ ಗೇರಿನಲ್ಲಿ ಏದುಸಿರಿಲ್ಲದೆ ಹತ್ತಿತು. ಬಸ್ಸಿನ ಹಿಂದೆ ಏರಿನ ನಡುವೆಯೇ ನಿಲ್ಲಿಸಿ ಮತ್ತೆ ಹೊರಡಬೇಕಾದಾಗಲೂ ಹಿಂದಕ್ಕೆ ಜಾರಲಿಲ್ಲ. ನಮ್ಮ ಮನಸ್ಸಿನಲ್ಲಿ ಆಗಲೇ ಹೆಮ್ಮೆ ಮೊಳೆತಿತ್ತು. ಮುಂದಿನ ಮದುವೆಯಲ್ಲಿ ಕಲ್ಯಾಣ ಮಂಟಪದ ಮುಂದೆ ಈ ಉದ್ದದ ಕಾರಿನಿಂದ ಇಳಿಯುವ ಚಿತ್ರ ಕಣ್ಣಮುಂದೆ ಸುಳಿಯಿತೆಂದು ಒಪ್ಪಿಕೊಳ್ಳುತ್ತೇವೆ. ಅಷ್ಟರಲ್ಲಿ ಬರಿಗಾಲಿನಲ್ಲಿ, ತಲೆಯ ಮೇಲೆ ಗಂಟಿಟ್ಟುಕೊಂಡು ‘ಉಘೇ ಮಾದಪ್ಪ’ ಎನ್ನುತ್ತ ನಡೆದು ಹತ್ತುವವರ ಗುಂಪು ಎದುರಾಯಿತು. ಅಭ್ಯಾಸಬಲದಿಂದ ನಮ್ಮ ಕೈ ಹಾರನ್ನಿಗೆ ಹೋಯಿತು. ‘ಬ್ಯಾಡ ಕಣಪ್ಪ, ಅವ್ರು ನಮಗಿಂತ ಮುಂದೆ ಹೊಂಟವ್ರೆ’ ಎಂದರು ಅವ್ವ. ಕಾರನ್ನು ಬದಿಗೆ ತೆಗೆದು, ಅವರು ತಿರುವು ದಾಟುವವರೆಗೆ ಕಾದೆವು.

ಸುತ್ತೂರು ಮತ್ತು ಕುಂತೂರು ಮಠಗಳಲ್ಲಿ ಸೇವೆ ಮಾಡಿ, ಅಲ್ಲಿಂದ ಏಳುಮಲೆಗೆ ಬಂದು ನೆಲೆಸಿದರೆಂದು ಪರಂಪರೆ ಹೇಳುವ ಮಹದೇಶ್ವರರ ವಾಹನ ಹುಲಿ. 2023ರಲ್ಲಿ ಅನಾವರಣಗೊಂಡ 108 ಅಡಿಯ ಮೂರ್ತಿಯಲ್ಲಿಯೂ ಅವರು ಹುಲಿಯನ್ನೇರಿದ್ದಾರೆ. ಅಂಥವರ ಸನ್ನಿಧಿಯಲ್ಲಿ ಗಾಡಿಯ ಹೆಮ್ಮೆ ಎಷ್ಟರದು! ಅಲ್ಲಿ ಕಾರು ನಿಲ್ಲಿಸಿದಾಗ ನಮ್ಮ ಹೆಮ್ಮೆಗೆ ಇನ್ನೊಂದು ಪೆಟ್ಟು ಬಿತ್ತು. ಹಿಂದಿನ ಆಸನದಿಂದ ಅವ್ವನಿಗೆ ಏಳಲಾಗಲಿಲ್ಲ. ಆಸನ ಹಿಂದಕ್ಕೆ ಇಳಿಜಾರಾಗಿತ್ತು. ಚಾವಣಿಯೂ ಹಿಂದಕ್ಕೆ ಇಳಿದು ತಲೆಗೆ ತಗಲುತ್ತಿತ್ತು. ಮಗ ಮತ್ತು ಸೊಸೆ ಕೈಕೊಟ್ಟು ಎಬ್ಬಿಸಿದರು. ‘ಕೂರೋವಾಗ ಬಿದ್ದಂಗಾಯ್ತದೆ, ಏಳೋವಾಗ ಬಾವಿಯಿಂದ ಬಂದಂಗಾಯ್ತದೆ’ ಎಂದು ನಕ್ಕರಾದರೂ ಆ ನಗೆಯಲ್ಲಿ ನೋವಿತ್ತು. ಯಾರಿಗಾಗಿ ಕಾರು ಕೊಳ್ಳಬೇಕೆಂದಿದ್ದೆವೋ ಅವರೇ ಸೋತಿದ್ದರು. ದರ್ಶನವಾಯಿತು, ಅಕ್ಕಿ ಬೇಳೆ ದಾಸೋಹಕ್ಕೆ ಸೇರಿತು, ಸಾಲೂರು ಮಠಕ್ಕೂ ಹೋಗಿ ನಮಸ್ಕರಿಸಿದೆವು. ಮನಸ್ಸು ಮಾತ್ರ ಆ ಆಸನದಲ್ಲಿಯೇ ಸಿಕ್ಕಿಕೊಂಡಿತ್ತು.

ಇಳಿಯುವಾಗ ದಾರಿಯ ಬದಿಯಲ್ಲಿ ಒಂದು ಕಾರು ನಿಂತಿತ್ತು. ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಬೆಟ್ಟ ಇಳಿಯುವಷ್ಟೂ ಹೊತ್ತು ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ಪಾಠ; ಆಗ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಎದುರಿನಿಂದ ಏರಿಬರುವವರಿಗೆ ದಾರಿ ಬಿಡುವುದೂ ಘಾಟಿಯ ಧರ್ಮ.

ಸಂಜೆ ಮನೆಗೆ ಬಂದಾಗ ಮೂರನೆಯ ಪಾಠ ಕಾದಿತ್ತು. ನಮ್ಮ ಮನೆಯ ಪಕ್ಕದ ಕೊಟ್ಟಿಗೆ ತಂದೆಯವರ ಕಾಲದಲ್ಲಿ ಎತ್ತಿನ ಗಾಡಿ ನಿಲ್ಲಿಸುತ್ತಿದ್ದ ಜಾಗ. ಒಳಗಿನ ಉದ್ದ ಹದಿನಾಲ್ಕು ಅಡಿ. ಕಾರನ್ನು ಗೋಡೆ ಮುಟ್ಟುವಷ್ಟು ಒಳಕ್ಕೆ ಬಿಟ್ಟರೂ ಹಿಂಭಾಗ ಒಂದು ಗೇಣು ಬೀದಿಗೆ ಚಾಚಿಕೊಂಡಿತು. ನಾಲ್ಕೂವರೆ ಮೀಟರೆಂದರೆ ಹದಿನಾಲ್ಕು ಅಡಿ ಒಂಬತ್ತು ಅಂಗುಲವೆಂದು ಮೊದಲೇ ಲೆಕ್ಕ ಹಾಕಬಹುದಿತ್ತು. ನಮ್ಮದು ಇಕ್ಕಟ್ಟಿನ ಬೀದಿ. ಕಬ್ಬಿನ ಟ್ರಾಕ್ಟರು, ಹಾಲಿನವರು, ಶಾಲೆಯ ಮಕ್ಕಳು ಅಲ್ಲಿಯೇ ಹೋಗಬೇಕು. ಎಲ್ಲರ ಬೀದಿಯಲ್ಲಿ ನಮ್ಮ ಒಂದು ಗೇಣನ್ನು ದಿನವೂ ಇಡುವುದು ಸರಿಯಲ್ಲವೆಂದು ನಮ್ಮ ಮನೆಯವರು ಹೇಳಿದ ಮಾತಿಗೆ ಉತ್ತರವಿರಲಿಲ್ಲ.

ಎರಡನೆಯ ದಿನ ಅವ್ವ ಬರಲು ಒಪ್ಪಲಿಲ್ಲ. ಸೊಸೆ ಒಂದು ಉಪಾಯ ಹೇಳಿದಳು. ಮುಂದಿನ ಎಡ ಆಸನವನ್ನು ಪೂರ್ತಿ ಹಿಂದಕ್ಕೆ ಸರಿಸಿ, ಒರಗುವ ಭಾಗವನ್ನು ನೆಟ್ಟಗೆ ಮಾಡಿದಳು. ಅವ್ವ ಮೊದಲು ಹೊರಗೆ ನಿಂತೇ ಆಸನದ ಮೇಲೆ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿಕೊಂಡರು. ಇಳಿಯುವಾಗ ಇದರ ತಿರುವುಮುರುವು: ಎರಡೂ ಪಾದ ನೆಲಕ್ಕೂರಿ, ಬಾಗಿಲ ಚೌಕಟ್ಟು ಹಿಡಿದು ಏಳುವುದು. ಅಂಗಳದಲ್ಲಿಯೇ ಮೂರು ಸಲ ಮಾಡಿದರು. ಮೂರನೆಯ ಸಲ ಯಾರ ಕೈಯೂ ಬೇಕಾಗಲಿಲ್ಲ. ‘ನಡೀರಿ ಹಂಗಾದ್ರೆ’ ಎಂದರು.

ಮಾಂಬಳ್ಳಿಯ ಮೇಲೆ ಯಳಂದೂರಿಗೆ ಹೋದೆವು. ರಾಜಶೇಖರವಿಳಾಸ, ವೃಷಭೇಂದ್ರವಿಜಯ, ಶಬರಶಂಕರವಿಳಾಸಗಳನ್ನು ರಚಿಸಿದ ಹದಿನೇಳನೆಯ ಶತಮಾನದ ಷಡಕ್ಷರದೇವರ ಗದ್ದುಗೆ ಇರುವ ಊರಿದು. ಗದ್ದುಗೆಗೆ ನಮಿಸಿ, ಗೌರೀಶ್ವರ ದೇಗುಲದ ಬಳೆಮಂಟಪವನ್ನು ನೋಡಿದೆವು. ಕಲ್ಲಿನಲ್ಲಿಯೇ ಬಳೆಗಳನ್ನು ಕೊರೆದು ಸರಪಣಿಯಾಗಿ ಇಳಿಬಿಟ್ಟ ಆ ಕುಶಲತೆಯನ್ನು ಅವ್ವ ತಾವೇ ಕಾರಿನಿಂದಿಳಿದು ಬಂದು ನೋಡಿದರು. ಅಲ್ಲಿಂದ ಗುಂಬಳ್ಳಿಯ ಮೂಲಕ ಬೆಟ್ಟದ ದಾರಿ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡು ಸೋಲಿಗರ ತವರು. ದಾರಿ ಕಿರಿದು, ತಿರುವು ಕಡಿದು. ಉದ್ದದ ಕಾರನ್ನು ಕೆಲವು ತಿರುವುಗಳಲ್ಲಿ ಎದುರಿನ ಪಾಲಿನ ರಸ್ತೆಗೂ ಚಾಚಿ ತಿರುಗಿಸಬೇಕಾಯಿತು. ಚಿಕ್ಕ ಕಾರುಗಳು ನಮ್ಮೆದುರಿಗೇ ಸಲೀಸಾಗಿ ತಿರುಗಿ ಬಂದವು. ಬಿಳಿಗಿರಿರಂಗನ ಗುಡಿಯ ಮೆಟ್ಟಿಲುಗಳನ್ನು ಅವ್ವ ಹತ್ತಲಿಲ್ಲ. ಕೆಳಗೆ ಕಾರಿನ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಕುಳಿತು ಕಾಡಿನ ಗಾಳಿ ಕುಡಿದರು.

ಎರಡು ದಿನಗಳಲ್ಲಿ ಓಡಿದ್ದು ಸುಮಾರು 245 ಕಿಲೋಮೀಟರು. ಟ್ಯಾಂಕನ್ನು ಮೊದಲೂ ಕೊನೆಗೂ ಪೂರ್ತಿ ತುಂಬಿಸಿ ಅಳೆದಾಗ ಹಿಡಿದದ್ದು 17 ಲೀಟರು. ಘಾಟಿಯಲ್ಲಿ, ತುಂಬು ಭಾರದಲ್ಲಿ, ಲೀಟರಿಗೆ ಹದಿನಾಲ್ಕು ಕಿಲೋಮೀಟರು ಚಿಲ್ಲರೆ ಬಂತು. ಇದು ಕಳಪೆಯಲ್ಲ. ಕಾರು ಒಳ್ಳೆಯದೇ. ಆದರೆ ಆ ರಾತ್ರಿ ಮನೆಯವರೆಲ್ಲ ಕುಳಿತು ಬೇರೆ ಲೆಕ್ಕ ಹಾಕಿದೆವು. ವರ್ಷದಲ್ಲಿ ಐದು ಮಂದಿ ಮೂಟೆಯೊಡನೆ ಹೋಗುವುದು ಎಷ್ಟು ದಿನ? ಎರಡೋ ಮೂರೋ. ಉಳಿದ ದಿನಗಳಲ್ಲಿ ಹೋಗುವವರು ಇಬ್ಬರು. ಆಸ್ಪತ್ರೆಗೆ, ಸಂತೆಗೆ, ಮಠಕ್ಕೆ. ಮೂರು ದಿನದ ಅನುಕೂಲಕ್ಕಾಗಿ ವರ್ಷವಿಡೀ ಬೀದಿಗೆ ಅಡ್ಡವಾಗುವ ಕಾರು ಬೇಕೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ನಮ್ಮ ಕೊಟ್ಟಿಗೆಯನ್ನು ನೋಡಿಯೇ ಇರಬೇಕು.

ಸೋದರಳಿಯನಿಗೆ ಕಾರನ್ನು ತೊಳೆಸಿ, ಪೆಟ್ರೋಲು ತುಂಬಿಸಿ, ಹಂಪಿಗೆ ಉಜ್ಜಿದ್ದನ್ನೂ ಮುಚ್ಚಿಡದೆ ಹೇಳಿ ಒಪ್ಪಿಸಿದೆವು. ಬಂಧುಗಳೊಡನೆ ವ್ಯವಹಾರ ಮಾಡುವಾಗ ಬೇಡವೆಂಬುದನ್ನು ಬೇಗ ಹೇಳುವುದೇ ಬಂಧುತ್ವಕ್ಕೆ ಕ್ಷೇಮ. ಬಳಿಕ ನಾಲ್ಕು ಮೀಟರಿನೊಳಗಿನ ಸೆಡಾನುಗಳನ್ನು ನೋಡಲು ಅವ್ವನನ್ನೇ ಮುಂದಿಟ್ಟುಕೊಂಡು ಹೋದೆವು. ಪ್ರತಿಯೊಂದು ಕಾರಿನಲ್ಲಿಯೂ ಅವರು ಮೂರು ಸಲ ಕುಳಿತು ಎದ್ದರು. ಒಂದರಲ್ಲಿ ಬಾಗಿಲು ಸಾಕಷ್ಟು ತೆರೆಯುತ್ತಿರಲಿಲ್ಲ, ಇನ್ನೊಂದರಲ್ಲಿ ಹೊಸ್ತಿಲು ಎತ್ತರ. ಮೂರನೆಯದು ಅವರಿಗೆ ಒಗ್ಗಿತು. ಸಿ.ಎನ್.ಜಿ. ಬೇಡವೆಂದೆವು, ಸಿಲಿಂಡರು ಡಿಕ್ಕಿಯ ಜಾಗವನ್ನು ನುಂಗುತ್ತದೆ. ಐದೂ ಆಸನಗಳಿಗೆ ಭುಜದ ಮೇಲಿಂದ ಬರುವ ಸೀಟ್ ಬೆಲ್ಟು, ಆರು ಗಾಳಿಚೀಲ ಇವೆಯೆಂದು ನೋಡಿಕೊಂಡೆವು. ಅಪಘಾತ ಪರೀಕ್ಷೆಯ ಅಂಕಗಳನ್ನೂ ಕೇಳಿದೆವು. 2023ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ದೇಶದ ಪರೀಕ್ಷೆ ಇದೆ; ಚಿಕ್ಕ ಕಾರೆಂದರೆ ಸುರಕ್ಷೆಯೂ ಚಿಕ್ಕದೆನ್ನುವಂತಿಲ್ಲ. 2024ರಲ್ಲಿ ಡಿಸೈರ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ನಕ್ಷತ್ರ ಪಡೆದುದು ಇದಕ್ಕೆ ಸಾಕ್ಷಿ. ಸಾಲವಿಲ್ಲದೆ ಕೊಂಡೆವು. ಕೊಟ್ಟಿಗೆಯ ಬಾಗಿಲು ಮುಚ್ಚುತ್ತದೆ.

ಆ ಕಾರಿನಲ್ಲಿ ಒಮ್ಮೆ ಬೆಟ್ಟಕ್ಕೆ ಹೋಗಿಬಂದಿದ್ದೇವೆ. ದೊಡ್ಡ ಕಾರಿನಷ್ಟು ಸುಲಭವಾಗಿ ಅದು ಹತ್ತಲಿಲ್ಲವೆಂಬುದನ್ನು ಮರೆಮಾಚುವುದಿಲ್ಲ. ಕಡಿದಾದ ಕಡೆ ಎ.ಸಿ. ನಿಲ್ಲಿಸಿ ಮೊದಲನೆಯ ಗೇರಿಗೂ ಇಳಿಯಬೇಕಾಯಿತು. ಹಿಂದೆ ಕುಳಿತ ಮೂವರ ಭುಜಗಳು ತಾಗುತ್ತಿದ್ದವು. ಬೆಟ್ಟದ ಮೇಲೆ ಕಾರಿಗೆ ಪೂಜೆ ಮಾಡಿಸಿ, ಗಾಲಿಗಳಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ಬಿಟ್ಟೆವು. ಅಷ್ಟು ಹೊತ್ತಿಗೆ ಅವ್ವ ತಾವಾಗಿಯೇ ಬಾಗಿಲು ತೆರೆದುಕೊಂಡು ಇಳಿದು, ಅಕ್ಕಿಯ ಮೂಟೆ ಹೊತ್ತ ಮೊಮ್ಮಗನ ಹಿಂದೆ ದಾಸೋಹದ ಕಡೆಗೆ ನಡೆದಿದ್ದರು.