ಬೇಲಿ ದಾಟಿದ ಕಾಯಿಲೆ

ಸಂಸೆಯ ತೋಟದ ಮನೆಗಳಲ್ಲಿ ಗಿಡದ ಕಾಯಿಲೆಯ ಮಾತಿಗೆ ಬರವಿಲ್ಲ. ಕಾಂಡಕೊರಕ ಬಿದ್ದ ಕಾಫಿ, ಕೊಳೆ ಹಿಡಿದ ಅಡಿಕೆ - ಊಟಕ್ಕೆ ಕೂತಲ್ಲೂ ಅದೇ ಚರ್ಚೆ. ಅಜ್ಜ ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಿ ಬಂದರೆ ಮಾತ್ರ ಯಾರೂ ಬಾಯಿ ತೆರೆಯುವುದಿಲ್ಲ. 'ವಯಸ್ಸಾಯ್ತಲ್ಲ, ಚಳಿ ಬೇರೆ' ಎಂದು ಅಜ್ಜನೇ ಮಾತು ಮುಗಿಸಿಬಿಡುತ್ತಾರೆ.

ಬಹಳ ಮಟ್ಟಿಗೆ ಅವರ ಮಾತು ಸರಿಯೇ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದ ಗಂಡಸರಲ್ಲಿ ಊದಿಕೊಳ್ಳುವುದು ಸಾಮಾನ್ಯ. ಅದೆಲ್ಲ ಕ್ಯಾನ್ಸರ್ ಅಲ್ಲ. ಕಷ್ಟವೆಂದರೆ, ಕ್ಯಾನ್ಸರ್ ಮೊದಮೊದಲು ಯಾವ ಸುಳಿವನ್ನೂ ಕೊಡದಿರಬಹುದು. ರಕ್ತದ ಪಿಎಸ್‌ಎ ಪರೀಕ್ಷೆ, ವೈದ್ಯರು ಬೆರಳಿನಿಂದ ಮಾಡುವ ತಪಾಸಣೆ, ಸ್ಕ್ಯಾನ್, ಕೊನೆಗೆ ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿ - ಇಷ್ಟಾದ ಮೇಲೆ ನಿಜ ತಿಳಿಯುತ್ತದೆ.

ಆಗ ಕೆಲವರಿಗೆ 'ಗಡ್ಡೆ ಗ್ರಂಥಿಯ ಹೊದಿಕೆ ದಾಟಿದೆ, ದೂರದ ಮೂಳೆಗಳಿಗೆ ಹೋಗಿಲ್ಲ' ಎಂಬ ಉತ್ತರ ಬರುತ್ತದೆ. ತೋಟದವರ ಮಾತಿನಲ್ಲಿ ಹೇಳುವುದಾದರೆ, ಬೇಲಿ ದಾಟಿದೆ, ಊರು ಸುತ್ತಿಲ್ಲ. ಮನೆಯವರು ಇಲ್ಲಿಗೇ ಕೈಚೆಲ್ಲಿ ಕೂರುವುದುಂಟು. ಹಾಗೆ ಕೂರಬೇಕಾಗಿಲ್ಲ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 1904ರಲ್ಲಿ ಹ್ಯೂ ಯಂಗ್ ಎಂಬ ವೈದ್ಯರು ಕ್ಯಾನ್ಸರ್‌ಗಾಗಿ ಇಡೀ ಗ್ರಂಥಿಯನ್ನೇ ತೆಗೆದರು. ಅದೇ ಊರಿನಲ್ಲಿ 1982ರಲ್ಲಿ ಪ್ಯಾಟ್ರಿಕ್ ವಾಲ್ಶ್ ಪಕ್ಕದ ನರಗಳನ್ನು ಉಳಿಸುವ ವಿಧಾನ ತೋರಿಸಿಕೊಟ್ಟರು. ಬೇಲಿ ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಬೇಡವೆಂದೇ ಬಹುಕಾಲ ಹೇಳುತ್ತಿದ್ದರು. ಈಗ ಆಯ್ದ ರೋಗಿಗಳಲ್ಲಿ ಗ್ರಂಥಿ, ಅದಕ್ಕಂಟಿದ ವೀರ್ಯಕೋಶ, ಸುತ್ತಲಿನ ದುಗ್ಧಗ್ರಂಥಿಗಳನ್ನು ಒಟ್ಟಿಗೇ ತೆಗೆಯುತ್ತಾರೆ. ಅಷ್ಟರಿಂದಲೇ ಎಲ್ಲರಿಗೂ ಮುಗಿಯದು; ಹಲವರಿಗೆ ಮುಂದೆ ವಿಕಿರಣ, ಹಾರ್ಮೋನ್ ಚಿಕಿತ್ಸೆಯೂ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯಿಲ್ಲದೆ ಇವೆರಡನ್ನೇ ಕೊಡುವುದೂ ಒಪ್ಪಿತ ದಾರಿ.

ತೆರಬೇಕಾದ ಬೆಲೆಯೂ ಇದೆ. ಒಂದೆರಡು ವಾರ ಮೂತ್ರಕ್ಕೆ ನಳಿಕೆ, ಆಮೇಲೆ ತಿಂಗಳುಗಟ್ಟಲೆ ಸೋರಿಕೆ. ಕಾಯಿಲೆ ನರದ ಹತ್ತಿರ ಬಂದಿದ್ದರೆ ನರ ಉಳಿಸಲಾಗದು. ದಾಂಪತ್ಯ ಸಾಮರ್ಥ್ಯ ಕುಂದುತ್ತದೆ. ಗಂಡಸರು ಬಾಯಿಬಿಡದಿರುವುದು ಈ ಅಂಜಿಕೆಗೇ.

ಕುದುರೆಮುಖದ ಘಾಟಿ ಇಳಿದು ಮಣಿಪಾಲಕ್ಕೋ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಟಾಗ ಕಾಲೇಜು ಓದುವ ಮೊಮ್ಮಗ ಜೊತೆಗಿದ್ದರೆ ಒಳ್ಳೆಯದು. ಕಾಯಿಲೆ ಎಲ್ಲಿಯವರೆಗೆ ಬಂದಿದೆ? ಬೇರೆ ದಾರಿ ಯಾವುದು? ಚಿಕಿತ್ಸೆಯಾದ ಮೇಲೆ ಅಜ್ಜನ ದಿನಗಳು ಹೇಗಿರುತ್ತವೆ? ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಬಹುದು. ವಯಸ್ಸು ಹೆಚ್ಚಾದವರು, ಹೃದಯ ದುರ್ಬಲವಾದವರು ವಿಕಿರಣವನ್ನೇ ಆರಿಸಿಕೊಂಡರೆ ಅದು ಹೇಡಿತನವಲ್ಲ. ಎಲ್ಲ ಕೇಳಿಕೊಂಡ ಮೇಲೆ ತೀರ್ಮಾನ ಅಜ್ಜನದೇ.