ಬೇಸಿಗೆ ರಜೆಯ ಬಿಸಿಯೂಟ

ಆಂಧ್ರದ ಮಡಕಶಿರಾ ರಾಗಿಮುದ್ದೆಯ ಸೀಮೆ. ಅಲ್ಲಿನ ಮಕ್ಕಳಿಗೆ ರಾಗಿಯ ಪರಿಚಯ ಬೇಕಿಲ್ಲ. 2023ರ ಮಾರ್ಚಿನಲ್ಲಿ ಆಂಧ್ರದ ಸರ್ಕಾರಿ ಶಾಲೆಗಳಿಗೆ ರಾಗಿ ಬಂದದ್ದು ಬೇರೆ ವೇಷದಲ್ಲಿ: ವಾರಕ್ಕೆ 3 ದಿನ, ಬೆಲ್ಲ ಬೆರೆತ ಬಿಸಿ ಅಂಬಲಿಯಾಗಿ. ಉಳಿದ ದಿನ ಕಡಲೆಕಾಯಿ ಚಿಕ್ಕಿ. ಮಧ್ಯಾಹ್ನ ಅನ್ನ, ಮೊಟ್ಟೆ. ಅದೇ ರಾಜ್ಯದ ರಾಯದುರ್ಗದ ಕನ್ನಡ ಮಾಧ್ಯಮ ಶಾಲೆಗಳಿಗೂ ಇದೇ ಪಟ್ಟಿ.

ಏಪ್ರಿಲ್ ಕೊನೆಗೆ ಶಾಲೆಯ ಬಾಗಿಲು ಮುಚ್ಚಿತೆಂದರೆ ಒಲೆಯೂ ಆರುತ್ತದೆ.

ಕಾಯಿದೆಯಲ್ಲೇ ಹಾಗಿದೆ. 2013ರ ಆಹಾರ ಭದ್ರತಾ ಕಾಯಿದೆ ಮಕ್ಕಳಿಗೆ ದಿನವೂ ಉಚಿತ ಊಟ ಕೊಡಿ ಎನ್ನುತ್ತಲೇ 'ರಜಾದಿನ ಹೊರತು' ಎಂದೂ ಸೇರಿಸುತ್ತದೆ. ಹಸಿವಿಗೆ ರಜೆ ಮಂಜೂರು ಮಾಡಿದವರು ಯಾರೋ! ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಈ ಸೀಮೆಯ ತಂದೆತಾಯಿಯರು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಶಾಲೆಯ ಊಟ ಹೆಚ್ಚು ಬೇಕಾಗುವುದೇ ಆಗ.

ಸುಪ್ರೀಂ ಕೋರ್ಟ್ ಇದನ್ನು ಬಹಳ ಮೊದಲೇ ಗಮನಿಸಿತ್ತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. 2016ರ ಮೇನಲ್ಲಿ, ಸ್ವರಾಜ್ ಅಭಿಯಾನ ಎಂಬ ಸಂಘಟನೆಯ ಅರ್ಜಿಯ ಮೇಲೆ, ಅದನ್ನೇ ಮತ್ತೆ ಹೇಳಬೇಕಾಯಿತು.

2024ರ ಬೇಸಿಗೆಯಲ್ಲಿ ಕರ್ನಾಟಕ ತನ್ನ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಊಟ ಬಡಿಸಿತು. ಒಳ್ಳೆಯ ಕೆಲಸವೇ. ಆದರೆ ಈ ಆದೇಶಗಳಲ್ಲೂ ಕರ್ನಾಟಕದ ಕ್ರಮದಲ್ಲೂ ಅನ್ನಕ್ಕೆ ಮೊದಲು 'ಬರ' ಎಂಬ ಸರ್ಕಾರಿ ಮೊಹರು ಬೀಳಬೇಕು. ಮಳೆ ಚೆನ್ನಾಗಿ ಬಂದ ವರ್ಷವೂ ಕೂಲಿಯಿಲ್ಲದ ಮನೆಯ ಮಗು ಆ ಲೆಕ್ಕಕ್ಕೆ ಸಿಗುವುದಿಲ್ಲ.